ಬೀದಿಗೆ ಬಿದ್ದವರ ಪರ ಒಂದು ಕ್ಯಾಮೆರಾ

"ಮನೆ ಬಿಟ್ಟು ಹೊರಡು" ಎಂಬ ಮಾತನ್ನು ನಮ್ಮ ಹೆಣ್ಣುಮಕ್ಕಳು ಎರಡು ಕಡೆಯಿಂದ ಕೇಳುತ್ತಾರೆ. ಒಂದು, ತಂದ ವರದಕ್ಷಿಣೆ ಸಾಲಲಿಲ್ಲವೆಂದೋ ಗಂಡು ಹಡೆಯಲಿಲ್ಲವೆಂದೋ ಗಂಡನ ಮನೆಯವರು ಹೇಳುವ ಮಾತು. ಇನ್ನೊಂದು, ಅಣೆಕಟ್ಟು ಬರುತ್ತದೆ, ರಸ್ತೆ ಅಗಲವಾಗುತ್ತದೆ, ಈ ಜಾಗ ನಿಮ್ಮದಲ್ಲ ಎಂದು ಸರ್ಕಾರ ಹೇಳುವ ಮಾತು. ಮೊದಲನೆಯದು ಮನೆಯೊಳಗಿನ ಜಗಳ, ಎರಡನೆಯದು ದೇಶದ ಅಭಿವೃದ್ಧಿ ಎಂದು ನಮಗೆ ಕಲಿಸಿಬಿಟ್ಟಿದ್ದಾರೆ. ಆದರೆ ಬೀದಿಗೆ ಬಿದ್ದ ಹೆಂಗಸಿನ ಕಡೆಯಿಂದ ನೋಡಿದರೆ ಎರಡೂ ಒಂದೇ. ಎರಡರಲ್ಲೂ ಆಕೆ ದುಡಿದು ಕಟ್ಟಿದ ಮನೆ ಆಕೆಯ ಹೆಸರಿನಲ್ಲಿಲ್ಲ. ಎರಡರಲ್ಲೂ ತೀರ್ಮಾನ ಮಾಡುವಾಗ ಆಕೆಯನ್ನು ಯಾರೂ ಕೇಳುವುದಿಲ್ಲ.

ಈ ಸಂಚಿಕೆಯ ಸಂಪಾದಕೀಯವನ್ನು ಸಿನಿಮಾ ತೆಗೆಯುವ ಒಬ್ಬರ ಕುರಿತು ಬರೆಯುತ್ತಿದ್ದೇನೆ. ವರದಕ್ಷಿಣೆ, ಹೊಡೆತಬಡಿತಗಳ ಬಗ್ಗೆ ಬರೆಯುವ ಪತ್ರಿಕೆಗೆ ಸಿನಿಮಾದವರ ಸಹವಾಸವೇಕೆ ಎಂದು ಕೆಲವು ಗೆಳತಿಯರು ಕೇಳಬಹುದು. ಇವರು ಹಾಡು, ಕುಣಿತ, ಹೊಡೆದಾಟಗಳ ಸಿನಿಮಾ ತೆಗೆದವರಲ್ಲ. ಐದು ದಶಕಗಳ ಕಾಲ ಮನೆ ಕಳೆದುಕೊಂಡವರ, ಊರು ಕಳೆದುಕೊಂಡವರ, ಗಲಭೆಯಲ್ಲಿ ಸುಟ್ಟುಹೋದವರ ನಡುವೆ ಕ್ಯಾಮೆರಾ ಹಿಡಿದು ನಿಂತವರು. ಇವರ ಹೆಸರು ಆನಂದ್ ಪಟವರ್ಧನ್.

ಇವರು ತೆಗೆಯುವುದು ಸಾಕ್ಷ್ಯಚಿತ್ರ. ಈ ಪದದಲ್ಲಿಯೇ ಅದರ ಅರ್ಥವಿದೆ. ಇಲ್ಲಿ ನಟರಿಲ್ಲ, ಬಣ್ಣ ಹಚ್ಚಿಕೊಂಡವರಿಲ್ಲ, ಬರೆದುಕೊಟ್ಟ ಸಂಭಾಷಣೆಯಿಲ್ಲ. ನಡೆದದ್ದನ್ನು ನಡೆದ ಜಾಗದಲ್ಲಿ, ಅನುಭವಿಸಿದವರ ಬಾಯಿಂದಲೇ ಹೇಳಿಸುವುದು ಇದರ ಕೆಲಸ. ಪೊಲೀಸ್ ಠಾಣೆಯಲ್ಲಿ, ಕೋರ್ಟಿನಲ್ಲಿ ಸಾಕ್ಷಿ ಸಿಗದೆ ಎಷ್ಟು ಪ್ರಕರಣಗಳು ಬಿದ್ದುಹೋಗುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಸಾಕ್ಷಿಯ ಬೆಲೆಯನ್ನು ನಮ್ಮ ಸಂಘದ ಹೆಣ್ಣುಮಕ್ಕಳಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಪಟವರ್ಧನ್ 1950ರಲ್ಲಿ ಮುಂಬಯಿಯಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಅಚ್ಯುತ ಪಟವರ್ಧನ್ ಮತ್ತು ರಾವ್‌ಸಾಹೇಬ್ ಪಟವರ್ಧನ್ ಇವರ ದೊಡ್ಡಪ್ಪಂದಿರು. ತಾಯಿ ನಿರ್ಮಲಾ ಮಣ್ಣಿನ ಪಾತ್ರೆಗಳ ಕಲಾವಿದೆ; ಆಕೆಯ ತವರು ಇಂದು ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತ. ದೇಶ ಒಡೆದಾಗ ತವರೂರೇ ಬೇರೆ ದೇಶವಾಗಿಹೋದ ಲಕ್ಷಾಂತರ ಹೆಣ್ಣುಮಕ್ಕಳಲ್ಲಿ ಆಕೆಯೂ ಒಬ್ಬರು. ತಂದೆತಾಯಿಯರ ಈ ನೆನಪುಗಳನ್ನೇ ಮಗ ಮುಂದೆ 'ವಸುಧೈವ ಕುಟುಂಬಕಂ' ಎಂಬ ಚಿತ್ರವಾಗಿ ಮಾಡಿದರು. ಆದರೆ ಅವರ ಕೆಲಸ ಆರಂಭವಾದದ್ದು 1974ರ ಬಿಹಾರ ಚಳವಳಿಯ ಚಿತ್ರೀಕರಣದಿಂದ. ತುರ್ತುಪರಿಸ್ಥಿತಿಯಲ್ಲಿ ಆ ಚಿತ್ರವನ್ನು ಗುಟ್ಟಾಗಿ ತೋರಿಸಬೇಕಾಯಿತು. ಅದಾದ ಮೇಲೆ ರಾಜಕೀಯ ಕೈದಿಗಳ ಬಗ್ಗೆ ಚಿತ್ರ ತೆಗೆದರು, ಕೆನಡಾಕ್ಕೆ ವಲಸೆ ಹೋದ ಕೃಷಿಕೂಲಿಗಳ ಬಗ್ಗೆ ತೆಗೆದರು. ನಮಗೆ ಇಲ್ಲಿ ಮುಖ್ಯವಾದದ್ದು ಅನಂತರದ ಚಿತ್ರಗಳು.

1981ರ ಜುಲೈ. ಮುಂಬಯಿಯಲ್ಲಿ ಜಡಿಮಳೆ. ಕಾಲುದಾರಿಯ ಮೇಲೆ ಗುಡಿಸಲು ಹಾಕಿಕೊಂಡವರನ್ನೆಲ್ಲ ಎತ್ತಂಗಡಿ ಮಾಡಿ ಅವರವರ ಊರಿಗೆ ಕಳಿಸಬೇಕೆಂದು ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ.ಆರ್. ಅಂತುಲೆ ಆದೇಶ ಮಾಡಿದರು. ಆ ಮಳೆಯಲ್ಲಿ ತಗಡು, ಪ್ಲಾಸ್ಟಿಕ್ ಹಾಳೆ, ಒಲೆ, ಪಾತ್ರೆಗಳು ಬೀದಿಗೆ ಬಿದ್ದವು. ಇದನ್ನು ಪ್ರಶ್ನಿಸಿ ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರು ಹಾಗೂ ಗುಡಿಸಲುವಾಸಿಗಳು ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿದಾರರಲ್ಲಿ ಒಬ್ಬರು ಅಹಮದನಗರ ಜಿಲ್ಲೆಯಿಂದ, ಇನ್ನೊಬ್ಬರು ತಮಿಳುನಾಡಿನ ಸೇಲಂನಿಂದ ಹೊಟ್ಟೆಪಾಡಿಗೆ ಬಂದವರು. 1985ರ ಜುಲೈ 10ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಅದು ಹೇಳಿತು. ಇಂದಿಗೂ ವಕೀಲರು ಎತ್ತಿ ಹೇಳುವ ಮಾತದು. ಆದರೆ ಅದೇ ತೀರ್ಪು, ಕಾಲುದಾರಿಯನ್ನು ಆಕ್ರಮಿಸುವ ಹಕ್ಕು ಯಾರಿಗೂ ಇಲ್ಲ, ಮಳೆಗಾಲ ಮುಗಿದ ಮೇಲೆ ತೆರವು ಮಾಡಬಹುದು ಎಂದೂ ಹೇಳಿತು. ಹಕ್ಕು ಕಾಗದದ ಮೇಲೆ ಉಳಿಯಿತು. ಗುಡಿಸಲು ನೆಲದ ಮೇಲೆ ಉಳಿಯಲಿಲ್ಲ.

ಈ ದಿನಗಳಲ್ಲಿಯೇ ಪಟವರ್ಧನ್ 'ಹಮಾರಾ ಶಹರ್' ಎಂಬ ಚಿತ್ರ ತೆಗೆದರು. ಅದು ಹೊರಬಂದದ್ದು 1985ರಲ್ಲಿ. ಕಟ್ಟಡ ಕಟ್ಟುವವರು, ಮನೆಗೆಲಸ ಮಾಡುವವರು, ಕಸ ಗುಡಿಸುವವರು ಇಲ್ಲದೆ ಆ ನಗರ ಒಂದು ದಿನವೂ ನಡೆಯದು. ಆದರೆ ಅವರೇ ನಗರಕ್ಕೆ ಬೇಡವಾದವರು. ಉಳ್ಳವರು ತಮ್ಮ ಅಂಗಳದಲ್ಲಿ ಕುಳಿತು ನಗರದ ಅಂದ ಕೆಡುತ್ತಿದೆ ಎಂದು ಕೊರಗುತ್ತಾರೆ. ಮುನಿಸಿಪಾಲಿಟಿಯವರು ಗುಡಿಸಲು ಕೀಳುತ್ತಾರೆ. ಹೆಂಗಸರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಮತ್ತೆ ನಾಲ್ಕು ಕೋಲು ನೆಡುತ್ತಾರೆ. ಗಂಡಸರು ಕೂಲಿಗೆ ಹೋದ ಹೊತ್ತಿನಲ್ಲಿ ಬುಲ್ಡೋಜರ್ ಬಂದರೆ ಅದರೆದುರು ನಿಲ್ಲುವವಳು ಹೆಂಗಸೇ. ನೀರಿಗೆ ಸಾಲು ನಿಲ್ಲುವವಳು, ಒದ್ದೆ ಸೌದೆಯಲ್ಲಿ ಒಲೆ ಹಚ್ಚುವವಳು ಹೆಂಗಸೇ.

ಆ ಚಿತ್ರದಲ್ಲಿ ಒಂದು ಪ್ರಸಂಗ ಬರುತ್ತದೆ. ಗುಡಿಸಲು ಕಳೆದುಕೊಂಡ ಹೆಂಗಸೊಬ್ಬಳು ಕ್ಯಾಮೆರಾ ಹಿಡಿದವರ ಮೇಲೆಯೇ ಸಿಟ್ಟಾಗುತ್ತಾಳೆ. ಬಡವರ ಫೋಟೋ ತೆಗೆದು ನೀವು ಹೆಸರು ಮಾಡಿಕೊಳ್ಳುತ್ತೀರಿ, ಇದರಿಂದ ನಮಗೇನು ಸಿಗುತ್ತದೆ ಎಂಬ ಅರ್ಥದಲ್ಲಿ ಆಕೆ ನೇರವಾಗಿ ಕೇಳುತ್ತಾಳೆ. ಬೇರೆಯವರಾಗಿದ್ದರೆ ಅದನ್ನು ಕತ್ತರಿಸಿ ಎಸೆಯುತ್ತಿದ್ದರು. ಪಟವರ್ಧನ್ ಎಸೆಯಲಿಲ್ಲ. ತನ್ನನ್ನೇ ಪ್ರಶ್ನಿಸುವ ಆ ಹೆಂಗಸಿನ ಮಾತನ್ನು ಚಿತ್ರದೊಳಗೆ ಹಾಗೆಯೇ ಉಳಿಸಿದರು. ಈ ಒಂದು ಪ್ರಸಂಗಕ್ಕಾಗಿಯಾದರೂ ಆ ಚಿತ್ರವನ್ನು ನೋಡಬೇಕು. ನೊಂದವರ ಬಳಿಗೆ ಹೋಗುವ ನಾವೆಲ್ಲರೂ, ಸಂಘದವರಾಗಲಿ, ಪತ್ರಿಕೆಯವರಾಗಲಿ, ಸಂಶೋಧನೆ ಮಾಡುವವರಾಗಲಿ, ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರೇ.

ಪಟವರ್ಧನ್ ಇದಕ್ಕೆ ಬಾಯಿಮಾತಿನ ಉತ್ತರ ಕೊಡಲಿಲ್ಲ. 1986ರ ಮಾರ್ಚ್‌ನಲ್ಲಿ ದಕ್ಷಿಣ ಮುಂಬಯಿಯ ಸಂಜಯ್ ಗಾಂಧಿ ನಗರ ಎಂಬ ಜೋಪಡಪಟ್ಟಿಯನ್ನು ಕೆಡವಿದಾಗ ಅಲ್ಲಿನ ನಿವಾಸಿಗಳ ಜೊತೆ ಉಪವಾಸ ಕುಳಿತರು. ನಟಿ ಶಬಾನಾ ಆಜ್ಮಿ ಕೂಡ ಅವರೊಂದಿಗೆ ಕುಳಿತರು. ಕೊನೆಗೆ ಸರ್ಕಾರ ಆ ಕುಟುಂಬಗಳಿಗೆ ಗೋರೆಗಾಂವ್ ಕಡೆಯ ದಿಂಡೋಶಿಯಲ್ಲಿ ಬದಲಿ ಜಾಗ ಕೊಡಬೇಕಾಯಿತು. ಜಾಗ ದೂರವಿತ್ತು, ಕೆಲಸದ ಸ್ಥಳ ಇನ್ನೂ ದೂರವಾಯಿತು. ಆದರೂ ಅದು ಭಿಕ್ಷೆಯಲ್ಲ, ಹೋರಾಡಿ ಪಡೆದದ್ದು. 'ಹಮಾರಾ ಶಹರ್'ನಲ್ಲಿ ಹಾಡಿದ ವಿಲಾಸ ಘೋಗರೆ ಎಂಬ ದಲಿತ ಗಾಯಕನ ಕಥೆಯನ್ನೂ ಅವರು ಮರೆಯಲಿಲ್ಲ. 1997ರ ಜುಲೈ 11ರಂದು ಮುಂಬಯಿಯ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಅವಮಾನವಾದಾಗ ಪ್ರತಿಭಟಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 10 ಜನ ಸತ್ತರು. ಆ ನೋವನ್ನು ತಾಳಲಾರದೆ ಘೋಗರೆ ಪ್ರಾಣ ಕಳೆದುಕೊಂಡರು. ಪಟವರ್ಧನ್ ಅಂದು ಹಿಡಿದ ಎಳೆಯನ್ನು 14 ವರ್ಷ ಬಿಡದೆ 2011ರಲ್ಲಿ 'ಜೈ ಭೀಮ್ ಕಾಮ್ರೇಡ್' ಎಂಬ ಚಿತ್ರ ಮುಗಿಸಿದರು. ಒಂದು ದಿನದ ಸುದ್ದಿಗಾಗಿ ಬಂದುಹೋಗುವವರಿಗೂ ಇವರಿಗೂ ಇರುವ ವ್ಯತ್ಯಾಸ ಇದೇ.

ಇನ್ನು ಅಣೆಕಟ್ಟಿನ ಮಾತು. ಸಿಮಂತಿನಿ ಧುರು ಅವರ ಜೊತೆ ಸೇರಿ ಪಟವರ್ಧನ್ 1995ರಲ್ಲಿ 'ನರ್ಮದಾ ಡೈರಿ' ಎಂಬ ಚಿತ್ರ ಹೊರತಂದರು. ಗುಜರಾತಿನ ಸರ್ದಾರ್ ಸರೋವರ ಅಣೆಕಟ್ಟಿನಿಂದ ಗುಜರಾತ್, ಮಹಾರಾಷ್ಟ್ರ, ಮಧ್ಯಪ್ರದೇಶ ಮೂರು ರಾಜ್ಯಗಳ 245 ಹಳ್ಳಿಗಳು ಮುಳುಗಡೆಗೆ ಸಿಕ್ಕವು. ಅದರಲ್ಲಿ 193 ಮಧ್ಯಪ್ರದೇಶದವು. ಮೇಧಾ ಪಾಟ್ಕರ್ ಮುಂದಾಳತ್ವದ ನರ್ಮದಾ ಬಚಾವೋ ಆಂದೋಲನದಲ್ಲಿ ಆದಿವಾಸಿ ಹೆಂಗಸರು ಮುಂಚೂಣಿಯಲ್ಲಿದ್ದರು. ಮಹಾರಾಷ್ಟ್ರದ ಮಣಿಬೇಲಿಯಂಥ ಹಳ್ಳಿಗಳಲ್ಲಿ ನೀರು ಏರುತ್ತಿದ್ದರೂ ಮನೆ ಬಿಡುವುದಿಲ್ಲ ಎಂದು ಜನ ನಿಂತರು. ಯೋಜನೆಗೆ ಸಾಲ ಕೊಡುತ್ತಿದ್ದ ವಿಶ್ವಬ್ಯಾಂಕ್ ತಾನೇ ನೇಮಿಸಿದ ಮೋರ್ಸ್ ಸಮಿತಿ 1992ರಲ್ಲಿ ಪುನರ್ವಸತಿ ಸರಿಯಿಲ್ಲವೆಂದು ವರದಿ ಕೊಟ್ಟಿತು. 1993ರ ಮಾರ್ಚ್‌ನಲ್ಲಿ ಉಳಿದ ಸಾಲವೇ ಬೇಡವೆಂದು ಭಾರತ ಸರ್ಕಾರ ಹೇಳಿತು. ಆದರೂ ಕೆಲಸ ನಿಲ್ಲಲಿಲ್ಲ. 2000ದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಅಣೆಕಟ್ಟು ಮುಂದುವರಿಯಲು ಒಪ್ಪಿತು. 2017ರ ಸೆಪ್ಟೆಂಬರ್ 17ರಂದು ಅದರ ಉದ್ಘಾಟನೆಯಾಯಿತು. 2019ರಲ್ಲಿ ನೀರು 138.68 ಮೀಟರಿನ ಪೂರ್ಣ ಮಟ್ಟ ಮುಟ್ಟಿತು.

ಈ ಕಥೆಯಲ್ಲಿ ಹೆಣ್ಣಿನ ಪಾಲು ಯಾವುದು ಎಂಬುದನ್ನು ಬಿಡಿಸಿ ನೋಡಬೇಕು. ನರ್ಮದಾ ನ್ಯಾಯಮಂಡಳಿ 1979ರಲ್ಲಿ ಕೊಟ್ಟ ತೀರ್ಪು ಆ ಕಾಲಕ್ಕೆ ಉದಾರವಾದದ್ದೇ. ಭೂಮಿ ಕಳೆದುಕೊಂಡವರಿಗೆ ಬರೀ ಹಣವಲ್ಲ, ಭೂಮಿಯನ್ನೇ ಕೊಡಬೇಕು ಎಂದಿತು. ವಯಸ್ಸಿಗೆ ಬಂದ ಪ್ರತಿಯೊಬ್ಬ ಮಗನನ್ನೂ ಬೇರೆ ಕುಟುಂಬವೆಂದು ಎಣಿಸಬೇಕು ಎಂದೂ ಹೇಳಿತು. ಮಗನನ್ನು! ವಯಸ್ಸಿಗೆ ಬಂದ ಮಗಳ ಮಾತೇ ಇಲ್ಲ. ಅಪ್ಪನ ಹೊಲದಲ್ಲಿ ಅಣ್ಣನಷ್ಟೇ ಬಿತ್ತಿ, ಕಳೆ ಕಿತ್ತು, ಕೊಯ್ದ ಮಗಳು ಸರ್ಕಾರದ ಲೆಕ್ಕದಲ್ಲಿ ಕುಟುಂಬವೇ ಅಲ್ಲ. ಕಾಡಿನ ಸೌದೆ, ಗೆಡ್ಡೆಗೆಣಸು, ಮಹುವಾ ಹೂವು, ನದಿಯ ಮೀನು ಇವೆಲ್ಲ ಹೆಣ್ಣಿನ ಕೈಗೆ ನೇರವಾಗಿ ಸಿಗುತ್ತಿದ್ದ ಸಂಪತ್ತು. ಇವಕ್ಕೆ ಪಟ್ಟೆಯೂ ಇಲ್ಲ, ಪರಿಹಾರವೂ ಇಲ್ಲ. ನದಿ ದಂಡೆಯ ಹೆಂಗಸು ಹೊಸ ಜಾಗದಲ್ಲಿ ಕೊಡ ನೀರಿಗೂ ಬೇರೆಯವರ ಮುಖ ನೋಡಬೇಕು. ಜೊತೆಗೆ, ನೆರೆಹೊರೆ ಚದುರಿಹೋದ ಮೇಲೆ ಗಂಡ ಹೊಡೆದಾಗ ಓಡಿ ಹೋಗಲು ಯಾರ ಮನೆ ಇದೆ?

ಇದು ನರ್ಮದೆಯ ದಂಡೆಯ ಕಥೆ ಮಾತ್ರವಲ್ಲ. ನಾನು ಪಾಠ ಮಾಡಿದ ಊರು ಕೃಷ್ಣೆಯ ಹಿನ್ನೀರಿಗೆ ದೂರವಿರಲಿಲ್ಲ. ಆಲಮಟ್ಟಿ ಅಣೆಕಟ್ಟಿನಿಂದ ಹಳ್ಳಿಗಳು ಮುಳುಗಿದ್ದನ್ನು, ಬಾಗಲಕೋಟೆಯ ಹಳೆಯ ಪೇಟೆಯ ಜನ ನವನಗರಕ್ಕೆ ಎದ್ದು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ವಿದ್ಯಾರ್ಥಿನಿಯರಲ್ಲಿ ಮುಳುಗಡೆ ಹಳ್ಳಿಗಳಿಂದ ಬಂದವರು ಹಲವರಿದ್ದರು. ಪರಿಹಾರದ ಹಣ ಅಪ್ಪಂದಿರ ಕೈಗೆ, ಅಣ್ಣಂದಿರ ಕೈಗೆ ಬಂತು. ಕೆಲವು ಮನೆಗಳಲ್ಲಿ ಅದು ಮೋಟಾರ್ ಸೈಕಲ್ಲಾಯಿತು, ಕೆಲವು ಮನೆಗಳಲ್ಲಿ ಸೆರೆಯಂಗಡಿ ಸೇರಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯಿತು. "ನಿಮಗೆ ಪರಿಹಾರ ಬಂದೈತಲ್ಲ" ಎಂದು ಗಂಡಿನ ಕಡೆಯವರು ವರದಕ್ಷಿಣೆಯ ದರ ಏರಿಸಿದರು. ಹೊಲ ಹೋದದ್ದಕ್ಕೆ ಬಂದ ದುಡ್ಡು ಮಗಳ ಮದುವೆಯ ಚಪ್ಪರದಲ್ಲಿ ಕರಗಿತು. ಹೊಲವೂ ಇಲ್ಲ, ದುಡ್ಡೂ ಇಲ್ಲ. ಆ ದುಡ್ಡು ಕೊಟ್ಟು ಕಳಿಸಿದ ಮಗಳು ಎರಡೇ ವರ್ಷಕ್ಕೆ ಕಣ್ಣೀರು ಹಾಕುತ್ತ ತಗಡಿನ ಮನೆಗೆ ಮರಳಿದ್ದೂ ಉಂಟು. ನಮ್ಮ ಪತ್ರಿಕೆಯ ವಿಷಯಕ್ಕೂ ಅಣೆಕಟ್ಟಿಗೂ ಏನು ಸಂಬಂಧ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಹೋರಾಟಗಳು ವ್ಯರ್ಥವಾಗಲಿಲ್ಲ ಎಂಬುದನ್ನೂ ಹೇಳಬೇಕು. ನರ್ಮದೆ ಮತ್ತು ಇತರ ಕಡೆಯ ಜನ ದಶಕಗಳ ಕಾಲ ಕೂಗಿದ್ದರಿಂದ 1894ರ ಹಳೆಯ ಭೂಸ್ವಾಧೀನ ಕಾಯ್ದೆ ಹೋಗಿ 2013ರಲ್ಲಿ ಹೊಸ ಕಾಯ್ದೆ ಬಂತು. 2014ರ ಜನವರಿ 1ರಿಂದ ಜಾರಿಯಾಯಿತು. ಅದರಲ್ಲಿ ವಿಧವೆ, ವಿಚ್ಛೇದಿತೆ, ಮನೆಯವರು ಕೈಬಿಟ್ಟ ಹೆಂಗಸು ಇವರನ್ನು ಪ್ರತ್ಯೇಕ ಕುಟುಂಬವೆಂದು ಎಣಿಸಬೇಕೆಂದಿದೆ. ವಯಸ್ಕರಾದ ಗಂಡಾಗಲಿ ಹೆಣ್ಣಾಗಲಿ ಬೇರೆ ಕುಟುಂಬವೇ ಎಂದೂ ಇದೆ. 'ಪ್ರತಿಯೊಬ್ಬ ಮಗ' ಎಂಬ ಮಾತಿನಿಂದ ಇಲ್ಲಿಗೆ ಬರಲು 34 ವರ್ಷ ಬೇಕಾಯಿತು. ನಿಮ್ಮ ಊರಿನಲ್ಲಿ ರಸ್ತೆಗೋ ಕಾಲುವೆಗೋ ಕೈಗಾರಿಕೆಗೋ ಭೂಮಿ ಹೋಗುವುದಾದರೆ ಈ ಸಾಲುಗಳನ್ನು ಅಧಿಕಾರಿಗಳ ಮುಂದೆ ಓದಿ ಹೇಳಿ.

ಪಟವರ್ಧನ್ ಅವರ ಚಿತ್ರಗಳಲ್ಲಿ ನಮ್ಮ ವಿಷಯಕ್ಕೆ ತೀರ ಹತ್ತಿರವಾದದ್ದು 'ಪಿತಾ, ಪುತ್ರ ಔರ್ ಧರ್ಮಯುದ್ಧ'. 1990ರ ದಶಕದ ನಡುವೆ ಬಂದ ಈ ಚಿತ್ರಕ್ಕೆ ಎರಡು ಭಾಗಗಳಿವೆ. ಮೊದಲನೆಯದು ಅಗ್ನಿಪರೀಕ್ಷೆ. 1987ರ ಸೆಪ್ಟೆಂಬರ್ 4ರಂದು ರಾಜಸ್ಥಾನದ ದೇವರಾಲಾದಲ್ಲಿ 18 ವರ್ಷದ ರೂಪ್ ಕಂವರ್ ಗಂಡನ ಚಿತೆಯಲ್ಲಿ ಸುಟ್ಟುಹೋದಳು. ಸಾವಿರಾರು ಜನ ಅದನ್ನು ಪುಣ್ಯವೆಂದು ಕೊಂಡಾಡಿದರು. ಅದರ ಬೆನ್ನಿಗೆ ಸತಿ ತಡೆ ಕಾಯ್ದೆ ಬಂತು. ಆದರೆ ಕೊಲೆಯ ಆರೋಪ ಹೊತ್ತವರು 1996ರಲ್ಲಿ ಬಿಡುಗಡೆಯಾದರು. ಸತಿಯನ್ನು ವೈಭವೀಕರಿಸಿದ ಆರೋಪ ಹೊತ್ತ ಉಳಿದ ಎಂಟು ಜನ 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದರು. 37 ವರ್ಷಗಳ ನಂತರ ಒಬ್ಬ ಹುಡುಗಿಯ ಸಾವಿಗೆ ಯಾರೂ ಹೊಣೆಯಲ್ಲ ಎಂದಾಯಿತು. ಸೀಮೆಎಣ್ಣೆ ಸ್ಟವ್ ಸಿಡಿದು ಸತ್ತಳು ಎಂದು ಬರೆಸಿ ಕಡತ ಮುಚ್ಚಿದ ಸೊಸೆಯಂದಿರ ಸಾವುಗಳನ್ನು ಕಂಡ ನಮಗೆ ಇದು ಹೊಸದೆನಿಸುವುದಿಲ್ಲ.

ಎರಡನೆಯ ಭಾಗದ ಹೆಸರು ಹೀರೋ ಫಾರ್ಮಸಿ. ಬೀದಿಯಲ್ಲಿ ಗಂಡಸುತನದ ಔಷಧಿ ಮಾರುವವನಿಂದ ಹಿಡಿದು ವೇದಿಕೆಯ ಮೇಲೆ ನಿಂತು ಇನ್ನೊಂದು ಧರ್ಮದವರ ಮೇಲೆ ಏರಿ ಹೋಗಲು ಹುರಿದುಂಬಿಸುವವನವರೆಗೆ ಇಲ್ಲಿ ಬರುತ್ತಾರೆ. ನೀನು ಗಂಡಸಾದರೆ ಹೊಡಿ, ಹೊಡೆಯದಿದ್ದರೆ ನೀನು ಬಳೆ ತೊಟ್ಟವನು. ಈ ಮಾತು ಗಲಭೆಯ ಬೀದಿಯಲ್ಲಿ ಹೇಗೋ ಮನೆಯ ಒಳಗೂ ಹಾಗೆಯೇ ಕೆಲಸ ಮಾಡುತ್ತದೆ. 1992-93ರ ಮುಂಬಯಿ ಗಲಭೆಯಲ್ಲಿ ಎಲ್ಲವನ್ನೂ ಕಳೆದುಕೊಂಡ ಹೆಂಗಸರು ಈ ಚಿತ್ರದಲ್ಲಿದ್ದಾರೆ. ಯುದ್ಧಕ್ಕೆ, ಕೋಮುಗಲಭೆಗೆ ಕಾರಣ ಧರ್ಮ ಮಾತ್ರವಲ್ಲ. ಮನೆಯಲ್ಲಿ ತಂದೆ ಮಗನಿಗೆ ಕಲಿಸುವ ಗಂಡಸುತನದ ಪಾಠವೂ ಕಾರಣ ಎಂದು ಚಿತ್ರ ತೋರಿಸುತ್ತದೆ.

ಈ ಚಿತ್ರವನ್ನು 1990ರ ದಶಕದ ಕೊನೆಯಲ್ಲಿ ನಾವು ಕೆಲವರು ಸೇರಿ ಬಾಡಿಗೆಯ ವಿ.ಸಿ.ಆರ್. ತಂದು ಮಹಿಳಾ ಸಂಘದವರಿಗೆ ತೋರಿಸಿದ್ದೆವು. ಹಿಂದಿ ಮಾತು ಬಂದಾಗ ನಾನು ಟಿ.ವಿ. ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದೆ. ಕರೆಂಟು ಎರಡು ಸಲ ಹೋಯಿತು. ಯಾರೂ ಎದ್ದು ಹೋಗಲಿಲ್ಲ. ಔಷಧಿ ಮಾರುವವನ ಭಾಗ ಬಂದಾಗ ಮೊದಲು ನಕ್ಕರು. ಆಮೇಲೆ ಬೀಡಿ ಕಟ್ಟುವ ಒಬ್ಬಾಕೆ, "ಅಕ್ಕೋರ, ನಮ್ಮ ಸಂತ್ಯಾಗೂ ಇಂಥಾಂವ ಬರ್ತಾನ್ರಿ. ಅವನ ಮಾತು ಕೇಳಿ ಬಂದಾಂವ ಮನ್ಯಾಗ ನಮ್ಮ ಮ್ಯಾಲೆ ಗಂಡಸ್ತನ ತೋರಿಸ್ತಾನ್ರಿ" ಎಂದಳು. ನಗು ನಿಂತಿತು. ಅಂದು ರಾತ್ರಿ ಹತ್ತರವರೆಗೆ ಮಾತು ನಡೆಯಿತು. ಹೊಡೆತದ ಬಗ್ಗೆ ಸಂಘದಲ್ಲಿ ಬಾಯಿಬಿಡದಿದ್ದ ಮೂವರು ಅಂದು ಮಾತನಾಡಿದರು. ನಾನು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದರೂ ಆಗದ ಕೆಲಸ ಅದು. ಇನ್ನೊಬ್ಬಳ ನೋವನ್ನು ಪರದೆಯ ಮೇಲೆ ಕಂಡಾಗ ತನ್ನ ನೋವಿಗೂ ಮಾತು ಸಿಗುತ್ತದೆ.

ಬಾಂಬಿನ ವಿಷಯಕ್ಕೆ ಬರೋಣ. 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಭಾರತ ಅಣುಬಾಂಬ್ ಪರೀಕ್ಷೆ ನಡೆಸಿತು. ಅದೇ ತಿಂಗಳ ಕೊನೆಗೆ ಪಾಕಿಸ್ತಾನವೂ ನಡೆಸಿತು. ಎರಡೂ ಕಡೆ ಸಿಹಿ ಹಂಚಿದರು. ಪಟವರ್ಧನ್ ಭಾರತ, ಪಾಕಿಸ್ತಾನ, ಜಪಾನ್, ಅಮೆರಿಕ ನಾಲ್ಕು ದೇಶಗಳಲ್ಲಿ ಚಿತ್ರೀಕರಿಸಿ 2002ರಲ್ಲಿ 'ಜಂಗ್ ಔರ್ ಅಮನ್' ಚಿತ್ರ ತಂದರು. ಹಿರೋಶಿಮಾದಲ್ಲಿ ಬದುಕುಳಿದವರು, ಪೋಖ್ರಾನ್ ಸುತ್ತಲಿನ ಹಳ್ಳಿಯವರು, ಯುರೇನಿಯಂ ಗಣಿಯಿರುವ ಜಾರ್ಖಂಡಿನ ಜಾದುಗೋಡಾದ ಆದಿವಾಸಿಗಳು ಇದರಲ್ಲಿ ಮಾತನಾಡುತ್ತಾರೆ. ಬಾಂಬಿನಿಂದ ಸಾಯುವುದಕ್ಕೆ ಅದನ್ನು ಯಾರಾದರೂ ಹಾಕಲೇಬೇಕೆಂದಿಲ್ಲ, ಅದನ್ನು ತಯಾರಿಸುವ ದಾರಿಯಲ್ಲಿಯೇ ಬಡವರ ನೆಲ, ನೀರು, ಮೈ ಕೆಡುತ್ತವೆ ಎಂಬುದು ಜಾದುಗೋಡಾದ ಭಾಗದಿಂದ ತಿಳಿಯುತ್ತದೆ. ಪಾಕಿಸ್ತಾನದ ಶಾಲೆಯೊಂದರ ಹುಡುಗಿಯರೂ ಚಿತ್ರದಲ್ಲಿದ್ದಾರೆ. ಅವರನ್ನು ನೋಡುವಾಗ ನಮ್ಮ ಪಿ.ಯು.ಸಿ. ಹುಡುಗಿಯರೇ ನೆನಪಾಗುತ್ತಾರೆ. ಶತ್ರು ದೇಶ ಎಂದು ಹೇಳಿಕೊಟ್ಟದ್ದರ ಆಚೆಗೆ ಅಲ್ಲಿಯೂ ನಮ್ಮಂಥ ಹೆಣ್ಣುಮಕ್ಕಳಿದ್ದಾರೆ ಎಂಬ ಸಾದಾ ಸತ್ಯ ಅದು.

ಇಂಥ ಚಿತ್ರಗಳನ್ನು ಜನರಿಗೆ ತೋರಿಸುವುದೇ ಒಂದು ಹೋರಾಟ. 'ಜಂಗ್ ಔರ್ ಅಮನ್' ಚಿತ್ರಕ್ಕೆ ಸೆನ್ಸಾರ್ ಮಂಡಳಿ ಹಲವು ಕತ್ತರಿ ಹೇಳಿತು. 2003ರಲ್ಲಿ ಬಾಂಬೆ ಹೈಕೋರ್ಟು ಒಂದೂ ಕತ್ತರಿಯಿಲ್ಲದೆ ತೋರಿಸಲು ಅನುಮತಿ ಕೊಟ್ಟಿತು. 'ಪಿತಾ, ಪುತ್ರ ಔರ್ ಧರ್ಮಯುದ್ಧ' ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ಆದರೂ ದೂರದರ್ಶನ ಅದನ್ನು ತೋರಿಸಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋಗಿ 2006ರಲ್ಲಿ ಆದೇಶ ಪಡೆಯಬೇಕಾಯಿತು. ಇವರ 'ವಿವೇಕ್' ಎಂಬ 2018ರ ದೀರ್ಘ ಚಿತ್ರದಲ್ಲಿ ನರೇಂದ್ರ ದಾಭೋಲ್ಕರ್, ಗೋವಿಂದ ಪಾನ್ಸರೆ ಅವರ ಕೊಲೆಗಳ ಜೊತೆಗೆ ನಮ್ಮ ಗೌರಿ ಲಂಕೇಶ್ ಅವರ ಕೊಲೆಯೂ ಬರುತ್ತದೆ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದ ಗೌರಿ, ಕನ್ನಡದಲ್ಲಿ ಪತ್ರಿಕೆ ನಡೆಸುವ ಹೆಣ್ಣು ಎಷ್ಟು ಬೆಲೆ ತೆರಬೇಕಾಗಬಹುದು ಎಂಬುದನ್ನು ನಮಗೆ ತೋರಿಸಿ ಹೋದರು.

ಪಟವರ್ಧನ್ ಈ ದಾರಿಯಲ್ಲಿ ಒಬ್ಬರೇ ಅಲ್ಲ. ದೀಪಾ ಧನರಾಜ್ ಮತ್ತು ಅವರ ಸಂಗಾತಿಗಳು 1980ರಲ್ಲಿ 'ಯುಗಾಂತರ್' ಎಂಬ ತಂಡ ಕಟ್ಟಿದರು. ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿದ ಕಥೆಯನ್ನು 1982ರಲ್ಲಿ ಚಿತ್ರ ಮಾಡಿದ್ದು ಇವರೇ. ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯ ಜೊತೆ ಸೇರಿ 1983ರಲ್ಲಿ ಮನೆಯೊಳಗಿನ ಹಿಂಸೆಯ ಬಗ್ಗೆ 'ಇದಿ ಕಥಾ ಮಾತ್ರಮೇನಾ' ಎಂಬ ತೆಲುಗು ಚಿತ್ರ ತೆಗೆದರು. ಇದು ಬರೀ ಕಥೆಯೇ ಎಂದು ಆ ಹೆಸರಿನ ಅರ್ಥ. ಹೈದರಾಬಾದಿನ ಕೋಮುಗಲಭೆಯ ಬಗ್ಗೆಯೂ ದೀಪಾ ಚಿತ್ರ ಮಾಡಿದ್ದಾರೆ. ಶಾಂತಿಯ ಕೆಲಸ, ಹೆಣ್ಣಿನ ಕೆಲಸ ಎರಡೂ ಬೇರೆಯಲ್ಲ ಎಂದು ಇವರಿಗೂ ಕಂಡಿತ್ತು.

ಇಷ್ಟೆಲ್ಲ ಚಿತ್ರ ತೆಗೆದು ಆದದ್ದೇನು, ಅಣೆಕಟ್ಟು ನಿಂತಿತೇ, ಬಾಂಬು ಹೋಯಿತೇ ಎಂದು ಕೇಳಬಹುದು. ಇಲ್ಲ. ಅಣೆಕಟ್ಟು ಎದ್ದಿತು, ಹಳ್ಳಿಗಳು ಮುಳುಗಿದವು. ಚಿತ್ರಕ್ಕೆ ಬುಲ್ಡೋಜರನ್ನು ತಡೆಯುವ ಶಕ್ತಿಯಿಲ್ಲ. ಆದರೆ ಅಲ್ಲಿ ಯಾರೂ ಇರಲೇ ಇಲ್ಲ, ಎಲ್ಲರೂ ಸಂತೋಷದಿಂದ ಒಪ್ಪಿ ಹೋದರು ಎಂದು ನಾಳೆ ಯಾರೂ ಬರೆಯದಂತೆ ತಡೆಯುವ ಶಕ್ತಿ ಇದೆ. ಮುಳುಗಿದ ಮಣಿಬೇಲಿಯ ಹೆಂಗಸರ ಮುಖ, ದನಿ, ಸಿಟ್ಟು ಇಂದಿಗೂ ಉಳಿದಿವೆ. ಸಾಕ್ಷಿ ಉಳಿದ ಕಡೆ ನ್ಯಾಯ ಕೇಳುವ ದಾರಿ ಪೂರ್ತಿ ಮುಚ್ಚುವುದಿಲ್ಲ.

ಇಂದು ಕ್ಯಾಮೆರಾ ನಮ್ಮೆಲ್ಲರ ಕೈಯಲ್ಲಿದೆ. ಮೊಬೈಲ್ ಇಲ್ಲದ ಮನೆಯಿಲ್ಲ. ಆದರೆ ಹೆಣ್ಣನ್ನು ಬೆದರಿಸುವುದಕ್ಕೂ ಅದೇ ಮೊಬೈಲ್, ಮಾನ ಕಳೆಯುವುದಕ್ಕೂ ಅದೇ ಮೊಬೈಲ್. ಏಟು ತಿಂದು ಬಂದ ಹೆಂಗಸಿನ ಅಳುವ ಮುಖವನ್ನು ಸಹಾಯ ಮಾಡುವ ನೆಪದಲ್ಲಿ ಊರಿಗೆಲ್ಲ ಕಳಿಸುವವರನ್ನೂ ಕಂಡಿದ್ದೇನೆ. ಮುಂಬಯಿಯ ಗುಡಿಸಲಿನ ಹೆಂಗಸು ಕೇಳಿದ ಪ್ರಶ್ನೆಯನ್ನು ನಮ್ಮ ಸಂಘಗಳ ಗೋಡೆಯ ಮೇಲೆ ಬರೆದಿಡಬೇಕು: ಈ ಚಿತ್ರದಿಂದ ನನಗೇನು ಸಿಗುತ್ತದೆ? ಆಕೆ ಒಪ್ಪಿದರೆ ಮಾತ್ರ ತೆಗೆಯಿರಿ. ಗಾಯದ ಫೋಟೋ ಪೊಲೀಸರಿಗೆ, ವಕೀಲರಿಗೆ, ವೈದ್ಯರಿಗೆ, ವಾಟ್ಸಾಪಿನ ಗುಂಪಿಗಲ್ಲ.

ಗೆಳತಿಯರೇ, ಕೊನೆಯದಾಗಿ ಸಂಘಗಳು ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಮುಂದಿನ ಮೂರು ತಿಂಗಳಲ್ಲಿ ಒಂದು ಸಭೆಯಲ್ಲಿ ಸಾಲ, ಉಳಿತಾಯದ ಲೆಕ್ಕ ಬೇಗ ಮುಗಿಸಿ ಇಂಥದೊಂದು ಚಿತ್ರ ನೋಡಿ. ಭಾಷೆ ಬರುವ ಒಬ್ಬರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಲಿ. ನೋಡಿದ ಮೇಲೆ ಮಾತನಾಡಲು ಸಮಯ ಬಿಡಿ. ಚಿತ್ರಕ್ಕಿಂತ ಆ ಮಾತು ಮುಖ್ಯ.

ಅದೇ ಸಭೆಯಲ್ಲಿ ಒಬ್ಬೊಬ್ಬರೂ ತಮ್ಮ ಮನೆಯ ಹಕ್ಕುಪತ್ರ ಯಾರ ಹೆಸರಿನಲ್ಲಿದೆ ಎಂದು ಹೇಳಲಿ. ಬರೆದಿಟ್ಟುಕೊಳ್ಳಿ. ಸರ್ಕಾರದ ವಸತಿ ಯೋಜನೆಗೆ ಅರ್ಜಿ ಹಾಕುವಾಗ, ಪರಿಹಾರ ಬರುವಾಗ ಹೆಂಗಸಿನ ಹೆಸರು ಇರುವಂತೆ ಪಂಚಾಯಿತಿಯಲ್ಲಿ ಪಟ್ಟು ಹಿಡಿಯಿರಿ.

ಸಂಘದ ಒಬ್ಬಾಕೆಯನ್ನು ಗಂಡನ ಮನೆಯವರು ಹೊರಹಾಕಿದರೆ, ಮನೆ ಆಕೆಯ ಹೆಸರಿನಲ್ಲಿಲ್ಲ ಎಂದು ಸುಮ್ಮನಾಗಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಕ್ಕುಪತ್ರ ಇರಲಿ ಇಲ್ಲದಿರಲಿ, ತಾನು ಬಾಳಿದ ಮನೆಯಲ್ಲಿ ಇರುವ ಹಕ್ಕು ಆಕೆಗಿದೆ. ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಈ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯ ರಕ್ಷಣಾಧಿಕಾರಿಗಳು. ತುರ್ತಿಗೆ 181ಕ್ಕೆ ಫೋನ್ ಮಾಡಬಹುದು.

ನಡಾವಳಿ ಪುಸ್ತಕದಲ್ಲಿ ಹಣದ ಲೆಕ್ಕದ ಜೊತೆಗೆ ಇದನ್ನೂ ಬರೆಯಿರಿ: ಯಾವ ದಿನ ಯಾವ ಸದಸ್ಯೆ ಏಟು ತಿಂದು ಬಂದಳು, ಯಾರು ನೋಡಿದರು, ಯಾವ ಆಸ್ಪತ್ರೆಗೆ ಕರೆದೊಯ್ದಿರಿ, ಠಾಣೆಯಲ್ಲಿ ಏನು ಹೇಳಿದರು. ಆಕೆಯ ಒಪ್ಪಿಗೆ ಪಡೆದು, ಆಕೆಯ ಮಾತಿನಲ್ಲಿಯೇ ಬರೆಯಿರಿ. ತಾರೀಖು ಹಾಕಿ, ಸಹಿ ಮಾಡಿ, ಆ ಪುಸ್ತಕವನ್ನು ಭದ್ರವಾಗಿ ಇಡಿ. ಎಲ್ಲರಿಗೂ ಕ್ಯಾಮೆರಾ ಹಿಡಿಯಲು ಬರಬೇಕೆಂದಿಲ್ಲ. ಸಾಕ್ಷಿಯಾಗಿ ನಿಲ್ಲುವುದು ನಮ್ಮೆಲ್ಲರಿಂದಲೂ ಆಗುವ ಕೆಲಸ.